ಹೂಂ ಅಂದ ತಪ್ಪಿಗೆ

ನಟರಾಜ ತನ್ನ ಮೇಜನ್ನು ಒಳಕೋಣೆಯಿಂದ ಎಳೆದು ಬೀದಿ ಕಡೆಯ ಕಿಟಕಿಗೆ ಹಾಕಿಕೊಂಡದ್ದೇ ತಪ್ಪಾಯಿತು. ಅವನಾದರೂ ಏನು ಮಾಡಬೇಕು, ಇಂಟರ್ನೆಟ್ಟು ಸಿಗುತ್ತಿದ್ದುದು ಅಲ್ಲಿ ಮಾತ್ರ. ಆದರೆ ಹಗಲು ಹೊತ್ತಿನಲ್ಲಿ ಮನೆಯ ಕಿಟಕಿಯ ಹತ್ತಿರ ಕೂತ ಗಂಡಸು ಅಂದರೆ ಆಲೂರಿನ ಆ ಬೀದಿಯ ಪ್ರಕಾರ ಕೆಲಸವಿಲ್ಲದವನು. ಇನ್ನೆಲ್ಲೋ ಒಂದು ಕುರ್ಚಿಯಲ್ಲಿ ಕೂತು ಆಕಳಿಸಿದರೆ ಅದು ಉದ್ಯೋಗ. ಮನೆಯಲ್ಲಿ ಕೂತು ತಲೆ ಸೀಳಿಹೋಗುವಷ್ಟು ದುಡಿದರೂ ಅದು ಸೋಮಾರಿತನ. ಇದಕ್ಕಿಂತ ಅನ್ಯಾಯ ಇನ್ನೊಂದಿದೆಯೇ?

ಅವನು ಮಾಡುತ್ತಿದ್ದುದು ಕಾಫಿ ಬೀಜ ಒಣಗಿಸುವ ಡ್ರೈಯರಿಗೆ ಜೋಡಿಸುವ ಒಂದು ಡಬ್ಬ. ಒಳಗೊಂದು ಪುಟ್ಟ ಕಂಪ್ಯೂಟರು. ಬಿಸಿ ಮಿತಿಮೀರಿದರೆ ಡ್ರೈಯರಿನಲ್ಲಿರುವ ಸೆನ್ಸರು ಆ ಕಂಪ್ಯೂಟರನ್ನು ಕೂಗಿ ಕರೆಯುತ್ತದೆ, ಡಬ್ಬ ಬೆಂಕಿ ತಗ್ಗಿಸುತ್ತದೆ. ಇದಕ್ಕಾಗಿ ನಟರಾಜ ಎರಡು ವರ್ಷ ಸವೆಸಿದ್ದ. ಮೊದಲ ಡಬ್ಬ ಕೂತಿದ್ದು ಸಕಲೇಶಪುರದಾಚೆ ತಿಮ್ಮಯ್ಯನವರ ಎಸ್ಟೇಟಿನಲ್ಲಿ. ಅವರು ಚೆನ್ನಾಗಿದೆ ಅಂದರೆ ಸುತ್ತಲಿನ ಇಪ್ಪತ್ತು ಎಸ್ಟೇಟಿನವರು ಕೊಳ್ಳುವವರಿದ್ದರು. ಅವರು ಬೇಡ ಅಂದರೆ ಎಲ್ಲರಿಗೂ ಬೇಡ.

ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ತಿಮ್ಮಯ್ಯನವರ ಫೋನು ಬಂತು.

"ಮಾರಾಯ್ರೇ, ನಿಮ್ ಡಬ್ಬ ಮತ್ತೆ ನಿಂತ್ಬುಟ್ಟೈತೆ. ಬಿಸಿ ಏರ್ತು, ಕೆಂಪು ದೀಪ ಹತ್ತು ಸಲ ಮಿಣುಕ್ತು, ಆಮೇಲೆ ಉಸಿರೇ ಇಲ್ಲ."

"ನಾನು ಇಲ್ಲಿಂದಾನೇ ಸರಿ ಮಾಡಿ ಕಳಿಸ್ತೀನಿ ಸಾರ್. ಇವತ್ತೇ."

"ನಾಲ್ಕು ಗಂಟೆಗೆ ಡ್ರೈಯರಿಗೆ ಬೀಜ ತುಂಬ್ತೀವಿ ಕಣ್ರೀ. ಅಷ್ಟ್ರೊಳಗೆ ಆದ್ರೆ ಇರ್ಲಿ. ನನಗೂ ಎಷ್ಟು ದಿನ ಕಾಯೋಕಾಯ್ತದೆ, ನೀವೇ ಹೇಳಿ."

ನಟರಾಜ ಅಂಥದೇ ಇನ್ನೊಂದು ಡಬ್ಬವನ್ನು ಮೇಜಿನ ಮೇಲಿಟ್ಟುಕೊಂಡು ಕೂತ. ಹೆಂಡತಿ ಮಧುಶ್ರೀ ಆಸ್ಪತ್ರೆಯ ಡ್ಯೂಟಿಗೆ ಹೊರಡುತ್ತ, "ಕುಕ್ಕರ್ ಇಟ್ಟಿದೀನಿ, ಮೂರು ಸೀಟಿ ಆದ್ಮೇಲೆ ಆರಿಸ್ರಿ. ಹೆಂಗೂ ಮನೇಲೇ ಇರ್ತೀರಲ್ಲ" ಎಂದಳು. ಆ 'ಹೆಂಗೂ' ಅವನಿಗೆ ಮುಳ್ಳಿನಂತೆ ಚುಚ್ಚಿತು.

ಮೊದಲ ಸೀಟಿ ಆಗುವಷ್ಟರಲ್ಲಿ ಪಕ್ಕದ ಮನೆಯ ಗುರುಶಾಂತಮ್ಮ ಕಿಟಕಿಗೆ ಬಂದರು.

"ನಟರಾಜಾ, ಓಟಿಪಿ ಬಂದೈತೆ ಅಂತಾರೆ. ಎಲ್ಲಿಗೆ ಬಂದೈತೆ ಅಂತ ಒಸಿ ನೋಡಪ್ಪ. ನಾನು ಗೇಟ್ ತಾವ ನೋಡ್ಕಂಡು ಬಂದೆ, ಯಾರೂ ಇಲ್ಲ."

ಓಟಿಪಿ ಹುಡುಕಿ ಗ್ಯಾಸ್ ಬುಕ್ ಮಾಡಿ ಕೊಡುವುದಕ್ಕೆ ಕಾಲು ಗಂಟೆ ಹಿಡಿಯಿತು. ಅವರು ಹೋದರು, ಚನ್ನಬಸವಯ್ಯ ಬಂದರು. ಇವರು ನಿವೃತ್ತ ಬಸ್ ಕಂಡಕ್ಟರು. ಬೀದಿಯ ತುದಿಯಲ್ಲಿ ಬಸ್ಸು ನಿಲ್ಲಬೇಕೆಂಬುದು ಅವರ ಹೋರಾಟ. ಮೂವತ್ತು ವರ್ಷ ಸರ್ವೀಸಿನಲ್ಲಿ ತಾವೇ ಅಲ್ಲಿ ಒಂದು ದಿನವೂ ಬಸ್ಸು ನಿಲ್ಲಿಸಿರಲಿಲ್ಲ ಎಂಬುದು ಬೇರೆ ಮಾತು.

"ಏನಪ್ಪಾ, ರಜಾನಾ?"

"ರಜಾ ಅಲ್ಲ ಸಾರ್, ಕೆಲಸ. ಕರ್ನಲ್ ಒಳಗೆ ಏನೋ ತೊಂದ್ರೆ ಆಗ್ಬುಟ್ಟಿದೆ."

"ಕರ್ನಲ್ಲಾ? ಮಿಲಿಟ್ರಿ ಕೆಲಸನಾ?"

ಕರ್ನಲ್ ಅಂದರೆ ಕಂಪ್ಯೂಟರಿನ ಯಜಮಾನ, ಯಂತ್ರದ ಭಾಗಗಳೆಲ್ಲ ಕೂಗುವುದು ಅವನನ್ನೇ ಎಂದು ನಟರಾಜ ವಿವರಿಸಲು ಹೋದ. ಚನ್ನಬಸವಯ್ಯನವರಿಗೆ ಅದು ಬೇಕಿರಲಿಲ್ಲ. ಅವರು ಬಸ್ಸಿನ ಕತೆ ಶುರುಮಾಡಿದರು. ನಟರಾಜ ಸುಮ್ಮನೆ ಪರದೆ ನೋಡುತ್ತ ಕೂತ. ಅವರು ಗಂಟಲು ಸರಿಮಾಡಿಕೊಂಡು, "ಕೇಳುಸ್ತೋ ಇಲ್ವೋ, ಮೊದಲಿಂದ ಹೇಳ್ತೀನಿ ತಗೊ" ಎಂದು ಮತ್ತೆ ಮೊದಲಿನಿಂದ ಹೇಳಿದರು. ಮೂರನೆಯ ಸಲ ಶುರುವಾದಾಗ ನಟರಾಜ ಸೋತು "ಹೂಂ" ಅಂದ. ತಕ್ಷಣ ಕತೆ ನಿಂತಿತು, ಅವರು ಹೊರಟೇಹೋದರು. ಅಷ್ಟರಲ್ಲಿ ಕುಕ್ಕರು ಎಷ್ಟು ಸೀಟಿ ಹಾಕಿತ್ತೋ ದೇವರಿಗೇ ಗೊತ್ತು, ಅಡುಗೆಮನೆಯಿಂದ ಕಂಟು ವಾಸನೆ ಬರುತ್ತಿತ್ತು.

ಸೀದ ಅನ್ನವನ್ನು ಕೆರೆಯುತ್ತ ನಟರಾಜ ಕುದಿಯುತ್ತಿದ್ದ. ಒಬ್ಬರಾದರೂ ಒಂದು ಗಳಿಗೆ ಬಿಡುತ್ತಾರಾ? ಕರೆದವರ ಹಿಂದೆಲ್ಲ ಓಡಿ, ಅವರ ಕೆಲಸ ಪೂರ್ತಿ ಮುಗಿಸಿ ಬರುವಷ್ಟರಲ್ಲಿ ಇನ್ನೊಬ್ಬರು ಕೂಗಿರುತ್ತಾರೆ, ತನ್ನ ಸ್ವಂತ ಕೆಲಸ ಅಲ್ಲೇ ಸತ್ತು ಬಿದ್ದಿರುತ್ತದೆ ಎಂದು ಗೊಣಗಿಕೊಂಡವನು ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ.

ಡಬ್ಬದ ರೋಗವೂ ಇದೇ ಅಲ್ಲವೇ? ಸೆನ್ಸರು ಒಮ್ಮೆ ಕೂಗಿದರೆ ಸಾಕು, ಕರ್ನಲ್ಲು ಎಲ್ಲ ಬಿಟ್ಟು ಓಡುತ್ತಿತ್ತು. ಬಿಸಿ ಅಳೆದು, ಫೈಲಿಗೆ ಬರೆದು, ತಿಮ್ಮಯ್ಯನವರ ಫೋನಿಗೆ ಮೆಸೇಜು ಕಳಿಸಿ, ಎಲ್ಲ ಮುಗಿದ ಮೇಲೆಯೇ "ಕೇಳಿಸಿತು" ಅನ್ನುತ್ತಿತ್ತು. ಅಲ್ಲಿಯವರೆಗೆ ಸೆನ್ಸರು, ಚನ್ನಬಸವಯ್ಯನವರ ಹಾಗೆ, ಮೊದಲಿನಿಂದ ಕೂಗುತ್ತಲೇ ಇರುತ್ತಿತ್ತು, ಆ ಕೂಗಿಗೆಲ್ಲ ಓಡಿ ಓಡಿ ಡಬ್ಬ ನಿಂತೇಹೋಗುತ್ತಿತ್ತು. ಹಾಗೆ ಬರೆದವನು ಬೇರೆ ಯಾರೂ ಅಲ್ಲ, ನಟರಾಜನೇ. ಮಾಡಬೇಕಾದದ್ದು ಇಷ್ಟೇ: ಕೂಗಿದ ತಕ್ಷಣ "ಹೂಂ" ಅನ್ನಬೇಕು, ಒಂದು ಚೀಟಿ ಬರೆದಿಟ್ಟುಕೊಳ್ಳಬೇಕು, ತನ್ನ ಕೆಲಸಕ್ಕೆ ಹಿಂತಿರುಗಬೇಕು. ಚೀಟಿಯ ಕೆಲಸ ಬಿಡುವಾದಾಗ.

ಅವನು ಮೇಜಿಗೆ ಓಡಿ ಬರೆಯತೊಡಗಿದ. ಡಬ್ಬಕ್ಕೆ ಸರಿಹೋಗುವುದು ತನಗೇಕೆ ಸರಿಹೋಗಬಾರದು ಎಂದು ಪಕ್ಕದಲ್ಲಿ ಒಂದು ಹಾಳೆಯನ್ನೂ ಇಟ್ಟುಕೊಂಡ. ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡ, ಫೋನು ಬಂದರೆ ಕೈ ಕೂಡ ಎತ್ತಬೇಕಿಲ್ಲ.

ಅದ್ಭುತವಾಗಿ ನಡೆಯಿತು. ಗುರುಶಾಂತಮ್ಮ ಬಂದು ಏನೋ ಕೇಳಿದರು. "ಹೂಂ, ಆಯ್ತು" ಅಂದ, ಹಾಳೆಯಲ್ಲಿ 'ಗುರು' ಎಂದು ಬರೆದ. ಅವರು "ಪುಣ್ಯಾತ್ಮ" ಎಂದು ಹರಸಿ ಹೋದರು. ಚನ್ನಬಸವಯ್ಯ ಬಂದರು. "ಹೂಂ, ಆಯ್ತು", 'ಬಸ್ಸು'. ಕಿವಿಯಲ್ಲಿ ಯಾರು ಯಾರೋ ಮಾತಾಡಿದರು, ಎಲ್ಲರಿಗೂ "ಹೂಂ, ಆಯ್ತು", ಹಾಳೆಯ ಮೇಲೆ ಒಂದೊಂದು ಗೀಟು. ಬೆಳಿಗ್ಗೆ ಗಂಟೆಗಟ್ಟಲೆ ತಿಂದ ಜನ ಈಗ ಅರ್ಧ ನಿಮಿಷದಲ್ಲಿ ತೃಪ್ತರಾಗಿ ಹೋಗುತ್ತಿದ್ದರು.

ಮೂರೂವರೆಗೆ ಕೆಲಸ ಮುಗಿಯಿತು. ಮೇಜಿನ ಮೇಲಿನ ಡಬ್ಬಕ್ಕೆ ಒಂದೇ ನಿಮಿಷದಲ್ಲಿ ಇನ್ನೂರು ಸಲ ಕೂಗು ಹಾಕಿಸಿ ನೋಡಿದ. ಅದು ಇನ್ನೂರು ಸಲವೂ ಹೂಂಗುಟ್ಟಿತು, ಒಂದು ಸಲವೂ ನಿಲ್ಲಲಿಲ್ಲ. ನಟರಾಜನ ಕಣ್ಣಲ್ಲಿ ನೀರು ಬಂತು. ಎಸ್ಟೇಟಿನ ಡಬ್ಬಕ್ಕೆ ಹೊಸ ಪ್ರೋಗ್ರಾಮು ಕಳಿಸಲು ನೋಡಿದ. ಆ ಕಡೆಯ ಡಬ್ಬ ಸಿಗಲಿಲ್ಲ. ಕರೆಂಟು ಹೋಗಿರಬೇಕು ಎಂದು ಹತ್ತು ನಿಮಿಷ ಕಾದ.

ಅಷ್ಟರಲ್ಲಿ ಗೇಟು ಸದ್ದಾಯಿತು. ಗುರುಶಾಂತಮ್ಮ ಒಂದು ಹಸು, ಒಂದು ಕರು, ಒಂದು ಹೊರೆ ಹುಲ್ಲು ತಂದು ಅಂಗಳದಲ್ಲಿ ಬಿಟ್ಟರು.

"ಮೂರು ದಿನಕ್ಕೆ ಬಂದ್ಬುಡ್ತೀನಪ್ಪ, ಮಗಳ ಮನೇಗೆ ಹೋಗಿ. ಹಾಲು ನಿಮಗೇ. ಕರೆಯೋಕೆ ಬರ್ತದೆ ಅಂದ್ಯಲ್ಲ."

"ನಾನ್ಯಾವಾಗ ಅಂದೆ?"

"ಬರ್ತದಾ ಅಂದೆ, ಹೂಂ ಅಂದೆ ನೀನು."

ಅವರ ಹಿಂದೆಯೇ ಚನ್ನಬಸವಯ್ಯ ಒಂದು ಬ್ಯಾನರು ಹಿಡಿದು ಬಂದಿದ್ದರು. ನಾಳೆ ಬೆಳಿಗ್ಗೆಯಿಂದ ರಸ್ತೆ ಬದಿಯಲ್ಲಿ ಧರಣಿ, ಕೂರುವವರು ನಟರಾಜ್ ಎಂದು ದಪ್ಪ ಅಕ್ಷರದಲ್ಲಿತ್ತು.

"ನೀನೇ ಕೂತ್ಕೋತೀಯಾ ಅಂದೆ, ಒಪ್ದೆ. ನೀನು ಹೆಂಗೂ ಇಲ್ಲಿ ಕೂತಿರ್ತೀಯ, ಅದ್ನೇ ಅಲ್ಲಿ ಕೂತ್ಕೊ. ಮಿಲಿಟ್ರಿ ಕಡೆಯೋನು ಅಂದ್ರೆ ಒಂದು ತೂಕ ಇರ್ತೈತೆ."

ನಟರಾಜನಿಗೆ ಮೈಯೆಲ್ಲ ಉರಿಯಿತು. ಹೂಂ ಅಂದರೆ ಕೇಳಿಸಿತು ಅಂತ, ಒಪ್ಪಿದೆ ಅಂತ ಅಲ್ಲ. ಡಬ್ಬಕ್ಕೆ ಅರ್ಥವಾಗುವ ಇಷ್ಟು ಸಣ್ಣ ವ್ಯತ್ಯಾಸ ಈ ಜನಕ್ಕೆ ಯಾಕೆ ಅರ್ಥವಾಗುವುದಿಲ್ಲ? ಇರಲಿ, ಹಸುವಾದರೂ ಬರಲಿ, ಬಸ್ಸಾದರೂ ಬರಲಿ, ತನ್ನ ಎರಡು ವರ್ಷ ಉಳಿಯಿತು. ಅವನು ತಿಮ್ಮಯ್ಯನವರಿಗೆ ಫೋನು ಮಾಡಿದ.

"ಸಾರ್, ಸರಿಯಾಯ್ತು. ಇನ್ನು ಡಬ್ಬ ಯಾವತ್ತೂ ನಿಲ್ಲಲ್ಲ. ಒಂದ್ಸಲ ಆನ್ ಮಾಡಿ, ಹೊಸ ಪ್ರೋಗ್ರಾಮ್ ಕಳಿಸ್ಬುಡ್ತೀನಿ."



"ಯಾವ ಡಬ್ಬ ಮಾರಾಯ್ರೇ? ಎರಡು ಗಂಟೆಗೆ ನಾನೇ ಫೋನ್ ಮಾಡಿದ್ನಲ್ಲ. ಇದ್ರ ಸಹವಾಸ ಸಾಕು, ಬಿಚ್ಚಿಸ್ಬುಡ್ಲಾ ಅಂದೆ. ಹೂಂ, ಆಯ್ತು ಅಂದ್ರಿ. ಬಿಚ್ಚಿ ಗೋಣಿಚೀಲಕ್ಕೆ ಹಾಕ್ಸಿದೀನಿ."

"ಸಾರ್, ನಾನು ಕೇಳಿಸ್ಕೊಂಡಿರ್ಲಿಲ್ಲ."

"ಹೂಂ ಅಂದ್ಮೇಲೆ ಕೇಳಿಸ್ಕೊಂಡಿಲ್ಲ ಅಂದ್ರೆ ಹೆಂಗ್ರೀ? ಮಿಕ್ಕಿದ ಇಪ್ಪತ್ತು ಜನಕ್ಕೂ ಬೇಡ ಅಂತ ತಿಳಿಸ್ಲಾ ಅಂದೆ, ಅದಕ್ಕೂ ಹೂಂ ಅಂದ್ರಿ. ಎಲ್ರಿಗೂ ಹೇಳಿ ಆಯ್ತು. ಎರಡು ವರ್ಷ ಕಷ್ಟಪಟ್ಟೋರು, ಒಂದು ಮಾತು ಎದುರಾಡ್ಲಿಲ್ಲ, ಎಂಥಾ ಮನುಷ್ಯ ಅಂತ ನಮ್ ಮನೇಲೂ ಹೊಗಳ್ದೆ ಕಣ್ರೀ."

ನಟರಾಜ ಹಾಳೆಯ ಮೇಲಿನ ಗೀಟುಗಳಲ್ಲಿ ಯಾವುದು ಇಪ್ಪತ್ತು ಎಸ್ಟೇಟಿನದು ಎಂದು ಹುಡುಕಿದ. ಎಲ್ಲ ಒಂದೇ ಥರ ಇದ್ದವು.

"ಬೇಜಾರಿಲ್ಲ ತಾನೆ?" ತಿಮ್ಮಯ್ಯನವರು ಕೇಳಿದರು. "ನಾಳೆ ಬಂದು ಚೀಲ ತಗೊಂಡು ಹೋಗ್ತೀರಾ?"

ನಟರಾಜ ಪ್ರತಿಯೊಂದು ಮಾತನ್ನೂ ಪೂರ್ತಿ ಕೇಳಿಸಿಕೊಂಡ. ಕೇಳಿಸಿಕೊಂಡೇ "ಹೂಂ" ಅಂದ.