ಮುಖ ಕಾಣುವ ಲ್ಯಾಪ್‌ಟಾಪು

ಪಾತ್ರೆ ಸರಿಯಾಗಿ ತಿಕ್ಕಿದ್ದಾರೋ ಇಲ್ಲವೋ ಎಂದು ತಿಳಿಯುವುದಕ್ಕೆ ಲೋಕದಲ್ಲಿ ಒಂದೇ ದಾರಿ ಇದೆ. ಅದರಲ್ಲಿ ಮುಖ ಕಾಣಬೇಕು. ಇದನ್ನು ನಾನು ಸಾಲೆಯಲ್ಲಿ ಕಲಿತದ್ದಲ್ಲ. ಸಾಲೆಯಲ್ಲಿ ಎರಡನೆಯ ಇಯತ್ತೆಯವರೆಗೆ ಕೂತಿದ್ದೆ, ಅಷ್ಟರಲ್ಲಿ ತಮ್ಮ ಹುಟ್ಟಿದ, ಅವನನ್ನು ಎತ್ತಿಕೊಂಡು ತಿರುಗುವವರು ಬೇಕಾದರು, ಬರೆಯುವ ಪಾಟಿ ಅಟ್ಟ ಸೇರಿತು. ಉಳಿದ ವಿದ್ಯೆಯೆಲ್ಲ ಗಂಡನ ಮನೆಯಲ್ಲಿ ಆಯಿತು. ನಾನು ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿದ ತಾಮ್ರದ ಕೊಡವನ್ನು ನಮ್ಮತ್ತೆ ಬಿಸಿಲಿಗೆ ಹಿಡಿದು ತನ್ನ ಮುಖ ನೋಡಿಕೊಳ್ಳುತ್ತಿದ್ದಳು. ಮೂಗಿನ ನತ್ತು ಕಂಡರೆ ಸುಮ್ಮನೆ ಒಳಗೆ ಹೋಗುತ್ತಿದ್ದಳು. ಕಾಣದಿದ್ದರೆ ಕೊಡ ಮತ್ತೆ ನನ್ನ ಮುಂದೆ ಬಂದು ಕೂರುತ್ತಿತ್ತು. ಬೈಗುಳವಿಲ್ಲ, ಮಾತಿಲ್ಲ. ಹೀಗಾಗಿ ಕೊಪ್ಪಳದ ಅಂಗಡಿಯಲ್ಲಿ ಎರಡು ಲ್ಯಾಪ್‌ಟಾಪು ತಂದು ಎದುರಿಗಿಟ್ಟಾಗ ನಾನು ಮಾಡಿದ್ದನ್ನು ತಪ್ಪು ಅನ್ನುವವರು ಮೊದಲು ಆ ಕೊಡ ತಿಕ್ಕಿ ಬಂದು ಆಮೇಲೆ ಮಾತಾಡಬೇಕು.

ಲ್ಯಾಪ್‌ಟಾಪು ನನಗಲ್ಲ, ಸೊಸೆ ಸವಿತಾಳಿಗೆ. ಅವಳು ಕುಷ್ಟಗಿಯ ಹುಡುಗಿ. ಮದುವೆಗೆ ಮುಂಚೆ ಅಲ್ಲಿಯ ಒಂದು ಫೋಟೊ ಸ್ಟುಡಿಯೋದಲ್ಲಿ ಮದುವೆಯ ಆಲ್ಬಮ್ ಮಾಡುತ್ತಿದ್ದಳು. ಆಲ್ಬಮ್ ಮಾಡುವುದೆಂದರೆ ಫೋಟೊ ಅಂಟಿಸುವುದು ಅಂದುಕೊಂಡಿದ್ದೆ. ಹಾಗಲ್ಲವಂತೆ. ವರನ ಮುಖದ ಮೊಡವೆ ತೆಗೆಯುವುದು, ಹಿಂದೆ ನಿಂತು ಆಕಳಿಸುವ ಮಾವನನ್ನು ಪಕ್ಕಕ್ಕೆ ಸರಿಸುವುದು, ಮಳೆಯಲ್ಲಿ ಆದ ಮದುವೆಗೆ ನೀಲಿ ಆಕಾಶ ಹಚ್ಚುವುದು, ಎಲ್ಲವೂ ಅದರಲ್ಲೇ ಬರುತ್ತದೆ. ನಮ್ಮ ಯಲಬುರ್ಗಾಕ್ಕೆ ಸೊಸೆಯಾಗಿ ಬಂದ ಮೇಲೆ ಮಗಳು ಹುಟ್ಟಿದಳು, ಕೆಲಸ ನಿಂತಿತು. ಮೊಮ್ಮಗಳು ಸಾಲೆಗೆ ಹೋಗತೊಡಗಿದ ಮೇಲೆ ಸ್ಟುಡಿಯೋದ ಮಾಲೀಕ ಫೋನು ಮಾಡಿದ. ಮನೆಯಲ್ಲೇ ಕೂತು ಮಾಡು ತಂಗಿ, ಒಂದು ಲ್ಯಾಪ್‌ಟಾಪು ಇದ್ದರೆ ಸಾಕು, ಮೊದಲು ಒಂದು ಆಲ್ಬಮ್ ಮಾಡಿ ತೋರಿಸು, ಸರಿ ಬಂದರೆ ಈ ಸೀಸನ್ನಿನ ಆಲ್ಬಮ್ಮುಗಳೆಲ್ಲ ನಿನಗೇ ಎಂದ. ಆ ದಿನ ಸವಿತಾ ರೊಟ್ಟಿ ಬಡಿಯುವ ಸಪ್ಪಳವೇ ಬೇರೆ ಇತ್ತು. ರೊಟ್ಟಿ ಬಡಿಯುವುದರಲ್ಲಿ ಸೊಸೆಯ ಮನಸ್ಸು ತಿಳಿಯದವಳು ಅತ್ತೆಯಲ್ಲ.

ಮಗ ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಫಿಟ್ಟರ್, ರಜೆಗೆ ಬರುತ್ತಾನೆ. ಅವನು ಬಂದಾಗ ಮೂವರೂ ಕೊಪ್ಪಳಕ್ಕೆ ಹೋದೆವು. ನಮ್ಮಲ್ಲಿ ಹೊಸದು ಏನು ತಂದರೂ ಹಿರಿಯರು ಮುಟ್ಟಿ ‘ಇದು ಇರಲಿ’ ಅನ್ನಬೇಕು. ಎಮ್ಮೆಯಾದರೂ ಅಷ್ಟೆ, ಮಿಕ್ಸರ್ ಆದರೂ ಅಷ್ಟೆ. ಅಂಗಡಿಯವನು ಎರಡು ಲ್ಯಾಪ್‌ಟಾಪು ತೆರೆದಿಟ್ಟು ಇದು ಗ್ಲಾಸಿ, ಇದು ಮ್ಯಾಟ್, ಒಳಗಿನ ಸಾಮಾನು ಎರಡರದೂ ಒಂದೇ ಎಂದ. ಸವಿತಾ ಕೈ ಮ್ಯಾಟಿನ ಮೇಲೆ ಇಟ್ಟಳು. ನಾನು ಬಗ್ಗಿ ನೋಡಿದೆ. ಗ್ಲಾಸಿಯಲ್ಲಿ ನನ್ನ ಮೂಗು, ಮೂಗುತಿ, ಹಿಂದೆ ಬಾಗಿಲಲ್ಲಿ ನಿಂತ ಆಟೊ ಎಲ್ಲ ಕಾಣಿಸಿತು. ಇನ್ನೊಂದು ಒದ್ದೆ ಅರಿವೆಯಲ್ಲಿ ಒರೆಸಿ ಬಿಟ್ಟ ಪಾಟಿಯ ಹಾಗಿತ್ತು.

“ಇದನ್ನ ಯಾರೋ ಬಳಸಿ ಹೊಳ್ಳಿ ಕೊಟ್ಟಾರೇನಪ್ಪ?” ಎಂದೆ.

“ಇಲ್ರಿ ಅಮ್ಮಾರ, ಹೊಸಾದ ಐತ್ರಿ. ಇದರಾಗ ಬೆಳಕು ಹೊಳ್ಳಿ ಕಣ್ಣಿಗೆ ಹೊಡಿಯಾಂಗಿಲ್ರಿ.”

“ಹೊಸಾದಂದ್ರ ಹಿಂಗ ಮಬ್ಬ ಇರ್ತೈತೇನು?”

ಸವಿತಾ ಮೆಲ್ಲಗೆ, “ಅತ್ತಿ, ಫೋಟೊ ಕೆಲಸಕ್ಕ ಇದ ಛಲೋರಿ,” ಎಂದು ಗಂಡನ ಕಡೆ ನೋಡಿದಳು. ನನ್ನ ಮಗ ಅಂಗಡಿಯ ಫ್ಯಾನಿನ ಕಡೆ ನೋಡಿದ. ಅವನಿಗೆ ಆ ಗುಣ ಅಪ್ಪನಿಂದ ಬಂದದ್ದು. ಅತ್ತೆ ಸೊಸೆ ನಡುವೆ ಮಾತು ಬಂದಾಗಲೆಲ್ಲ ನನ್ನ ಗಂಡನೂ ಮಾಳಿಗೆಯ ಜಂತಿ ಎಣಿಸುತ್ತಿದ್ದ. ನಾನು ಹೊಳೆಯುವುದರ ಮೇಲೆ ಕೈಯಿಟ್ಟು “ಇದು ಇರ್ಲಿ” ಎಂದೆ. ಅದೇ ಮನೆಗೆ ಬಂತು.

ಮೊದಲ ವಾರ ನನಗೇನೂ ತಪ್ಪು ಕಾಣಲಿಲ್ಲ. ಓಣಿಯವರು ಬಂದು ಬಂದು ನೋಡಿ ಹೋದರು. ಎದುರು ಮನೆಯ ಹನಮವ್ವ ಅದರ ಮುಂದೆ ಕೂತು ಬೈತಲೆ ಸರಿ ಮಾಡಿಕೊಂಡು, “ಭಾಳ ಛಲೋ ಐತಿ ಬಿಡವ್ವ, ಕನ್ನಡಿಗೂ ಆತು,” ಎಂದಳು. ಲ್ಯಾಪ್‌ಟಾಪು ಆಗ ಬಂದ್ ಇತ್ತು. ಅದನ್ನು ಚಾಲೂ ಮಾಡಿದ ಮೇಲೆ ಏನಾಗುತ್ತದೆಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ.

ನಮ್ಮದು ಮಣ್ಣಿನ ಮಾಳಿಗೆ ಮನೆ. ಗೋಡೆಗಳು ದಪ್ಪ, ಕಿಟಕಿ ಎಂಬುದು ಹೆಸರಿಗೆ ಮಾತ್ರ. ಬೆಳಕು ಬರುವುದು ಮಾಳಿಗೆಗೆ ಕೊರೆದ ದುಂಡನೆಯ ಬೆಳಕಿಂಡಿಯಿಂದ. ಅದರಿಂದ ಇಳಿಯುವ ಬಿಸಿಲು ಬೆಳಿಗ್ಗೆ ಕಂಬದ ಬುಡದಲ್ಲಿರುತ್ತದೆ, ಹೊತ್ತು ಏರಿದಂತೆ ಪಡಸಾಲೆಯನ್ನೆಲ್ಲ ಸುತ್ತುತ್ತದೆ. ನಾನು ಗಡಿಯಾರ ನೋಡುವುದಿಲ್ಲ, ಅದನ್ನೇ ನೋಡುತ್ತೇನೆ. ಪ್ಲಗ್ ಇದ್ದದ್ದು ಪಡಸಾಲೆಯ ಒಂದು ಮೂಲೆಯಲ್ಲಿ ಮಾತ್ರ. ಸವಿತಾ ಅಲ್ಲಿ ಗೋಡೆಗೆ ಮುಖ ಮಾಡಿ ಕೂತು, ಆ ಮೊದಲ ಆಲ್ಬಮ್ ಹಿಡಿದಳು.

ಒಂದು ಮಧ್ಯಾಹ್ನ ಅವಳು ಒಬ್ಬಳೇ ಗೊಣಗುತ್ತಿದ್ದಳು. “ಈ ವರನ ಹಣಿ ಮ್ಯಾಲ ಏನೋ ಬೆಳ್ಳಗ ಹೊಳೀತೈತಿ. ಕ್ಯಾಮೆರಾದ ಲೈಟ್ ಬಿದ್ದೈತಿ ಅನಸ್ತೈತಿ.” ಅಳಿಸಿದಳು. ಹೋಗಲಿಲ್ಲ. ಮತ್ತೆ ಅಳಿಸಿದಳು. ಸ್ವಲ್ಪ ಹೊತ್ತಿಗೆ ಆ ಬಿಳುಪು ಹಣೆಯಿಂದ ಇಳಿದು ಕೆನ್ನೆಗೆ ಬಂತು. ಕೆನ್ನೆಯದನ್ನೂ ಅಳಿಸಿದಳು. ಆಮೇಲೆ ಅದು ಪಕ್ಕದಲ್ಲಿದ್ದ ಮದುಮಗಳ ಮೂಗಿನ ಮೇಲೆ ಹೋಗಿ ಕೂತಿತು. ಆಗ ಅವಳು ಕೈ ಬಿಟ್ಟು ಮೇಲೆ ನೋಡಿದಳು. ಬೆಳಕಿಂಡಿ ಅವಳನ್ನೇ ನೋಡುತ್ತಿತ್ತು. ಅಷ್ಟು ಹೊತ್ತೂ ಅವಳು ಅಳಿಸಿದ್ದು ನಮ್ಮ ಮನೆಯ ಬಿಸಿಲನ್ನು. ಅದನ್ನು ಹೇಳಿ ಅವಳೂ ನಕ್ಕಳು, ನಾನೂ ನಕ್ಕೆ. ಆಲ್ಬಮ್ ಮುಗಿಸಿ ಕಳಿಸಿದಳು.

ಮರುದಿನ ಸ್ಟುಡಿಯೋದ ಮಾಲೀಕನ ಫೋನು ಬಂತು. ಸವಿತಾ ಹಿಟ್ಟು ನಾದುತ್ತಿದ್ದಳು, ಕೈ ಖಾಲಿ ಇಲ್ಲವೆಂದು ಸ್ಪೀಕರ್ ಹಾಕಿದಳು. ಹೀಗಾಗಿ ನನಗೂ ಕೇಳಿತು.

“ತಂಗಿ, ವರನ ಹಣಿ ಖಾಲಿ ಐತಲ್ಲ. ಈಬತ್ತಿ ಎಲ್ಲಿ ಹೋತು?”

ಈಬತ್ತಿ ಎಂದರೆ ವಿಭೂತಿ. ಬಿಸಿಲು ಅಳಿಸುವ ಭರದಲ್ಲಿ ಹುಡುಗನ ಹಣೆಯ ಮೂರು ಬೆರಳಿನ ವಿಭೂತಿಯನ್ನೂ ಅಳಿಸಿಬಿಟ್ಟಿದ್ದಳು. ಹೊಳಪಿನ ಪರದೆಯಲ್ಲಿ ಹೋದದ್ದು ಯಾವುದು, ಉಳಿದದ್ದು ಯಾವುದು ಅವಳಿಗೆ ಕಂಡಿರಲಿಲ್ಲ. ಅದೂ ತಾಳಿ ಕಟ್ಟುವ ಫೋಟೊದಲ್ಲಿ, ಇಡೀ ಪುಟದ ಫೋಟೊದಲ್ಲಿ. ಫೋನಿನ ಆ ಕಡೆ ಒಬ್ಬ ಮುದುಕನ ದನಿ ಕೇಳಿಸುತ್ತಿತ್ತು. ವರನ ಅಜ್ಜ ಸ್ಟುಡಿಯೋಕ್ಕೇ ಬಂದು ಕೂತಿದ್ದ.

“ನಮ್ಮ ಹುಡುಗ ಬೋಳ ಹಣಿಲೆ ತಾಳಿ ಕಟ್ಟ್ಯಾನೇನು? ನಾಕು ಮಂದಿ ನೋಡಿದ್ರ ಏನಂದಾರು? ಮಠದ ಸ್ವಾಮ್ಯಾರ ನೋಡಿದ್ರ ಏನಂದಾರು?”

ಮಾಲೀಕ ಅವನನ್ನು ಸಮಾಧಾನ ಮಾಡಿ, ಸವಿತಾಳಿಗೆ ಎಲ್ಲ ಸರಿ ಮಾಡಿಕೊಂಡು ಶುಕ್ರವಾರ ಲ್ಯಾಪ್‌ಟಾಪು ಸಮೇತ ಬಾ ಎಂದ. ಪ್ರಿಂಟಿಗೆ ಹೋಗುವ ಮುಂಚೆ ಅಜ್ಜ ತನ್ನ ಕಣ್ಣಾರೆ ನೋಡಬೇಕಂತೆ. “ಮುಂದಿನ ಆಲ್ಬಮ್ಮಿನ ಮಾತು ಆಮ್ಯಾಲ ತಂಗಿ,” ಎಂದು ಫೋನಿಟ್ಟ. ಸವಿತಾ ಹಿಟ್ಟು ನಾದುತ್ತಲೇ ಇದ್ದಳು. ಅಷ್ಟು ನಾದುವ ಹಿಟ್ಟು ಅದಾಗಿರಲಿಲ್ಲ.

ಅವಳು ನನಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಜಗಳ ಆಡಿ ಹಗುರಾಗುತ್ತಿದ್ದೆ. ನಾನು ಸೊಸೆಯಾಗಿದ್ದಾಗ ಅನ್ನದೆ ಬಿಟ್ಟವಳಲ್ಲ. ಇವಳು ಗೂಟದಿಂದ ನಾನು ಹೊದೆಯುವ ಕೌದಿ ತೆಗೆದು, ತಲೆಯ ಮೇಲಿಂದ ಲ್ಯಾಪ್‌ಟಾಪಿನ ಮೇಲೆ ಇಳಿಬಿಟ್ಟು, ಒಳಗೆ ಕೂತು ಕೆಲಸ ಮಾಡತೊಡಗಿದಳು. ಬೇಸಿಗೆ. ಯಲಬುರ್ಗಾದ ಬೇಸಿಗೆಯಲ್ಲಿ ನಾಯಿ ಕೂಡ ಗೋಡೆಯ ನೆರಳು ಬಿಟ್ಟು ಕದಲುವುದಿಲ್ಲ. ಹನಮವ್ವ ಬಂದವಳು ಬಾಗಿಲಲ್ಲೇ ನಿಂತು, “ಸವಿತಾಗ ನೆಗಡಿ ಆಗೈತೇನ? ಹಬಿ ತಗೊಳ್ಳಾಕ ಹತ್ಯಾಳಲ್ಲ,” ಎಂದಳು. ಒಳಗಿನಿಂದ ಬೆವರು ಒರೆಸಿಕೊಳ್ಳುತ್ತ, “ನೆಗಡಿ ಅಲ್ರಿ, ಈಬತ್ತಿ ಹಚ್ಚಾಕತ್ತೇನ್ರಿ,” ಎಂದಿತು ಕೌದಿ.

ನೋಡಲಾರದೆ ನಾನು ನಿಚ್ಚಣಿಕೆ ಹಾಕಿ ಮಾಳಿಗೆ ಹತ್ತಿ ಬೆಳಕಿಂಡಿಯ ಮೇಲೆ ಬುಟ್ಟಿ ಬೋರಲು ಹಾಕಿ ಬಂದೆ. ಮೊಣಕಾಲು ಏನೆಂದವು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಮನೆ ಗವಿಯಾಯಿತು. ಕತ್ತಲಲ್ಲಿ ರೊಟ್ಟಿ ಹೊತ್ತಿದ್ದು ವಾಸನೆ ಬಂದ ಮೇಲೇ ನನಗೆ ತಿಳಿದದ್ದು. ಮೊಮ್ಮಗಳು ತಾಟು ನೋಡಿ, “ಅಜ್ಜಿ, ಇದು ರೊಟ್ಟಿನೋ ಹಂಚೋ?” ಎಂದಳು. ಇಷ್ಟಾದರೂ ಸವಿತಾಳಿಗೆ ಉಪಯೋಗವಾಗಲಿಲ್ಲ. ಬಿಸಿಲು ಹೋದ ಮೇಲೆ ಬಾಗಿಲಿನ ಬೆಳಕಿಗೆ ಪರದೆಯ ತುಂಬ ಅವಳದೇ ಮುಖ ಕಂಡಿತು. ಮದುಮಗಳ ಮೇಲೆ ಅವಳ ಮುಖ, ವರನ ಮೇಲೆ ಅವಳ ಮುಖ. ಕಡೆಗೆ ಕೌದಿಯೇ ಗತಿಯಾಯಿತು. ಅದರೊಳಗೇ ಕೂತು ಮುಗಿಸಿದಳು.

ಶುಕ್ರವಾರ ಕುಷ್ಟಗಿಗೆ ಅವಳ ಜೊತೆ ನಾನೂ ಬಸ್ಸು ಹತ್ತಿದೆ. ಸ್ಟುಡಿಯೋದಲ್ಲಿ ಅಜ್ಜ ಮೊದಲೇ ಬಂದು ಕೂತಿದ್ದ, ಕೈಯಲ್ಲಿ ಕೋಲು, ಹಣೆಯ ತುಂಬ ವಿಭೂತಿ. ಮಾಲೀಕ ಲ್ಯಾಪ್‌ಟಾಪು ತೆರೆದ. ಮೊದಲು ಕಂಡದ್ದು ಮೇಲಿನ ಟ್ಯೂಬ್‌ಲೈಟು, ಆಮೇಲೆ ಅಜ್ಜನ ರುಮಾಲು, ಅದರ ಹಿಂದೆ ಎಲ್ಲೋ ವರ. ಮಾಲೀಕ ಅದನ್ನು ಆ ಕಡೆ ಈ ಕಡೆ ವಾಲಿಸಿ ನೋಡಿದ.

“ತಂಗಿ, ಇದನ್ನ ಯಾರ ಆರಿಸಿದ್ರು? ಇದರಾಗ ಬಣ್ಣ ಎಲ್ಲಾ ಹೆಚ್ಚ ಕಾಣ್ತಾವ, ಪ್ರಿಂಟ್ ಆದ್ರ ಬ್ಯಾರೇನ ಬರ್ತೈತಿ. ಮ್ಯಾಟ್ ತಗೋಬೇಕಂತ ನಿನಗ ಗೊತ್ತಿಲ್ಲೇನು?”

“ನಾನ ಆರಿಸಿದ್ದು ರೀ,” ಎಂದಳು ಸವಿತಾ. “ಗೊತ್ತಾಗಲಿಲ್ರಿ.”

ಮಾಲೀಕನ ಮುಖ ಸಣ್ಣದಾಯಿತು. “ನಮ್ಮಲ್ಲಿ ಅಷ್ಟು ವರ್ಷ ಕೆಲಸ ಮಾಡಿದಾಕಿ ನೀನು. ನಿನಗ ಇಷ್ಟೂ ಗೊತ್ತಿಲ್ಲಂದ್ರ ಸೀಸನ್ ಕೆಲಸ ಹೆಂಗ ನಂಬಿ ಕೊಡ್ಲಿ?”

ಅವಳು ತಲೆ ಬಗ್ಗಿಸಿ ನಿಂತಳು. ಅತ್ತೆಯ ಮರ್ಯಾದೆ ಕಾಯಲು ತನ್ನ ಅನ್ನಕ್ಕೆ ತಾನೇ ಮಣ್ಣು ಹಾಕಿಕೊಳ್ಳುತ್ತಿದ್ದಳು. ಇಂಥ ದಡ್ಡತನವನ್ನು ನಾನು ನಮ್ಮತ್ತೆಗಾಗಿ ಒಂದು ದಿನವೂ ಮಾಡಿದವಳಲ್ಲ.

“ಆಕಿ ಸುಳ್ಳ ಹೇಳ್ತಾಳ,” ಎಂದೆ. “ಆಕಿ ಮಬ್ಬಿಂದ ಬೇಕಂದ್ಲು. ನಾ ಬ್ಯಾಡಂದೆ. ನಮ್ಮತ್ತಿ ತಿಕ್ಕಿದ ಕೊಡದಾಗ ಮಾರಿ ನೋಡ್ತಿದ್ಲು, ನಾ ಇದರಾಗ ನೋಡಿದೆ. ಬೈಯೂದಿದ್ರ ನನಗ ಬೈಯಪ್ಪ. ಕೆಲಸ ಮಾತ್ರ ಆಕಿಗೆ ಕೊಡು.”

ಮೂಲೆಯಿಂದ ಆ ಅಜ್ಜ ಕೋಲು ಕುಟ್ಟಿ, “ನಮ್ಮವ್ವನೂ ಕೊಡದಾಗ ನೋಡ್ತಿದ್ಲು. ಕಾಣಲಿಲ್ಲಂದ್ರ ನಮ್ಮ ಮನ್ಯಾಕಿಗೆ ಅವತ್ತು ಊಟ ತಡಾ,” ಎಂದ. ಮಾಲೀಕ ನಕ್ಕುಬಿಟ್ಟ. ಪರದೆಯನ್ನು ಗೋಡೆಯ ನೆರಳಿಗೆ ತಿರುಗಿಸಿ ಒಂದೊಂದೇ ಪುಟ ನೋಡಿದ. ತಾಳಿ ಕಟ್ಟುವ ಪುಟ ಬಂದಾಗ ಅಜ್ಜ ಎದ್ದು ಬಂದು, ಮೂಗು ತಾಗುವಷ್ಟು ಬಗ್ಗಿ, ಮೊಮ್ಮಗನ ಹಣೆಯನ್ನು ಬೆರಳಿನಿಂದ ಮುಟ್ಟಿ, “ಐತಿ,” ಎಂದ. ಸೀಸನ್ನಿನ ಕೆಲಸ ಸವಿತಾಳಿಗೆ ಬಂತು. ಪರದೆ ಬದಲಿಸಬೇಕಿಲ್ಲ, ಮೇಲೆ ಅಂಟಿಸುವ ಮಬ್ಬು ಹಾಳೆ ಸಿಗುತ್ತದೆ, ಅದನ್ನು ಹಾಕಿಸಿಕೊಂಡು ಶುರು ಮಾಡು ಎಂದ ಮಾಲೀಕ. ಬಂದಿದ್ದೀರಿ ಎಂದು ನನ್ನದೂ ಒಂದು ಫೋಟೊ ತೆಗೆದ.

ನಮ್ಮ ಮನೆಗಳಲ್ಲಿ ಉಪಕಾರವಾಯಿತು ಅನ್ನುವ ಮಾತು ಹೊರಗಿನವರಿಗೆ ಮಾತ್ರ. ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳನ್ನು ಕೂರಿಸಿದೆ, ಅಷ್ಟೇ. ದಾರಿಯಲ್ಲಿ ಒಂದು ಹಳೆಯ ಮಾತು ನೆನಪಾಯಿತು. ಸಂಬಂಧ ಕೇಳುವಾಗ ಅವರು ಕಳಿಸಿದ ಫೋಟೊದಲ್ಲಿ ಹುಡುಗಿ ಹಾಲಿನ ಹಾಗೆ ಬೆಳ್ಳಗಿದ್ದಳು, ಹೋಗಿ ನೋಡಿದರೆ ನಮ್ಮ ಎರೆ ಹೊಲದ ಕಪ್ಪು ಮಣ್ಣಿನ ಬಣ್ಣ.

“ಆ ಫೋಟೊ ಯಾರ ಮಾಡಿದ್ರು?” ಎಂದು ಕೇಳಿದೆ.

“ನಾನ ಮಾಡಿದ್ದೆ ರೀ,” ಎಂದಳು ಹೊರಗೆ ನೋಡುತ್ತ.

“ಕೆಲಸ ಛಲೋ ಕಲ್ತಿದ್ದಿ,” ಎಂದೆ. ಅವಳು ನಗುವುದನ್ನು ಮುಂದಿನ ಸೀಟಿನವರೂ ತಿರುಗಿ ನೋಡಿದರು.

ಮಗ ಕೊಪ್ಪಳದಿಂದ ಮಬ್ಬು ಹಾಳೆ ಹಾಕಿಸಿಕೊಂಡು ಬಂದ. ಒಂದು ಮೂಲೆಯಲ್ಲಿ ಗಾಳಿಯ ಗುಳ್ಳೆ ಉಳಿದಿದೆ. ಹೊಳೆಯುವುದನ್ನು ತಂದು ಮಬ್ಬು ಹಚ್ಚುವುದು ಜರಿ ಸೀರೆ ಉಟ್ಟು ಮೇಲೆ ಕಂಬಳಿ ಹೊದ್ದ ಹಾಗೆ ಎಂದು ಈಗಲೂ ನನಗೆ ಅನಿಸುತ್ತದೆ, ಆದರೆ ಗಟ್ಟಿಯಾಗಿ ಅನ್ನುವುದನ್ನು ಬಿಟ್ಟಿದ್ದೇನೆ. ಬುಟ್ಟಿ ತೆಗೆಸಿದೆವು, ಮನೆಗೆ ಬಿಸಿಲು ಬಂತು, ರೊಟ್ಟಿ ಬಿಳಿಯಾಯಿತು. ಸವಿತಾ ಮೊದಲು ತೆರೆದದ್ದು ನನ್ನ ಫೋಟೊವನ್ನು. ಗೋಡೆಯ ಮೇಲಿರುವ, ತೀರಿಹೋದ ನನ್ನ ಗಂಡನ ಫೋಟೊ ರೇಷನ್ ಕಾರ್ಡಿನದನ್ನು ದೊಡ್ಡದು ಮಾಡಿದ್ದು. ಅದರಲ್ಲಿ ಅವನು ಕುರಿ ಕದ್ದು ಸಿಕ್ಕಿಬಿದ್ದವನ ಹಾಗೆ ಕಾಣುತ್ತಾನೆ, ಪಾಪ, ಇರುವೆ ತುಳಿದವನಲ್ಲ. ನನಗೆ ಹಾಗಾಗಬಾರದು, ಈಗಲೇ ಒಂದು ಮಾಡಿಡು ಎಂದಿದ್ದೆ.

“ಅತ್ತಿ, ನಿಮ್ಮ ಫೋಟೊ ಹೊಳಿಯೂ ಕಾಗದದಾಗ ಹಾಕಸ್ಲೋ, ಮಬ್ಬಿನ ಕಾಗದದಾಗೋ?”

ಇನ್ನು ಮೇಲೆ ಇಂಥದನ್ನು ನಾನು ಆರಿಸುವುದಿಲ್ಲ ಎಂದು ನಿಶ್ಚಯ ಮಾಡಿದ್ದೆ. ಆದರೂ ಕೇಳಿದಳಲ್ಲ. “ಮಬ್ಬಿಂದ ಹಾಕ್ಸು. ಹೊಳಿಯೂದಾದ್ರ ನನ್ನ ನೋಡಾಕ ಬಂದವ್ರು ತಮ್ಮ ಮಾರಿ ನೋಡ್ಕೊಂಡು ಹೋಗ್ತಾರ.”

“ಮ್ಯಾಲ ಗಾಜು ಕೂಡಸ್ತಾರಲ್ರಿ. ಅದರಾಗ ಹೆಂಗಿದ್ರೂ ಮಾರಿ ಕಾಣ್ತೈತಿ.”

ಅದನ್ನು ನಾನು ಯೋಚಿಸಿರಲಿಲ್ಲ. “ಹಂಗಾದ್ರ ಗಾಜ ಬ್ಯಾಡ.”

“ಧೂಳ ಕೂಡ್ತೈತ್ರಿ ಅತ್ತಿ.”

“ಕೂಡಲಿ. ದಿನಾ ಒರಸು.”

ಸವಿತಾ ಕೆಲಸ ಬಿಟ್ಟು ತಿರುಗಿ ನನ್ನನ್ನು ನೋಡಿದಳು. ಸತ್ತ ಮೇಲೂ ಸೊಸೆಗೆ ಕೆಲಸ ಹಚ್ಚುವ ಮುದುಕಿ ಎಂದು ಹನಮವ್ವ ನಾಳೆ ಓಣಿಯೆಲ್ಲ ಹೇಳಿಕೊಂಡು ಬಂದಾಳು. ಹೇಳಲಿ. ಬೇರೆ ಯಾರ ಕೈಗೂ ನಾನು ಮುಖ ಒರೆಸಲು ಕೊಡುವವಳಲ್ಲ.