ಗೊಂಬೆ ಪೆಟ್ಟಿಗೆಯಲ್ಲಿ ಲೆನ್ಸು

ಸಂಸಾರಸ್ಥನಾದವನು ಹವ್ಯಾಸವೊಂದನ್ನು ಆರಿಸಿಕೊಳ್ಳುವಾಗ ಅದರಿಂದ ಎಷ್ಟು ಆನಂದ ಸಿಗುತ್ತದೆ, ಎಷ್ಟು ಜ್ಞಾನ ಬೆಳೆಯುತ್ತದೆ ಎಂದೆಲ್ಲ ಯೋಚಿಸಬಾರದು. ಅದನ್ನು ಮನೆಯಲ್ಲಿ ಎಲ್ಲಿ ಬಚ್ಚಿಡಬಹುದು ಎಂಬುದೊಂದನ್ನೇ ಯೋಚಿಸಬೇಕು. ಅಂಚೆಚೀಟಿ ಕೂಡಿಡುವವನು ಪುಣ್ಯವಂತ. ಹೊಸ ಚೀಟಿ ಬಂದರೆ ಪಂಚಾಂಗದ ಹಾಳೆಗಳ ನಡುವೆ ಸೇರಿಸಿ ಸುಮ್ಮನಿರಬಹುದು. ನಮ್ಮ ಆಫೀಸಿನಲ್ಲಿ ಒಬ್ಬರಿಗೆ ಹಳೆಯ ಹಾಡುಗಳ ಹುಚ್ಚು. ಅವರ ಇಡೀ ಸಂಗ್ರಹ ಅಂಗಿಯ ಜೇಬಿನ ಮೊಬೈಲಿನಲ್ಲಿ ಕೂರುತ್ತದೆ, ಹಾಡು ಹೆಚ್ಚಿದರೆ ಜೇಬೇನೂ ಉಬ್ಬುವುದಿಲ್ಲ. ನಾನೊಬ್ಬ ಹೋಗಿ ಹೋಗಿ ಫೋಟೋಗ್ರಫಿಗೆ ಬಿದ್ದೆ. ಲೆನ್ಸು ಎಂಬ ವಸ್ತು ಕಾಫಿ ಲೋಟದ ಎತ್ತರ, ರುಬ್ಬುಗುಂಡಿನ ಭಾರ, ಮದುಮಗಳ ನಾಜೂಕು. ಅದಕ್ಕೆ ಧೂಳಾಗದು, ತೇವವಾಗದು, ಬಿಸಿಲಾಗದು. ಎಲ್ಲಕ್ಕಿಂತ ಮುಖ್ಯವಾಗಿ, ಹೆಂಡತಿಯ ಕಣ್ಣಿಗೆ ಬೀಳುವುದಂತೂ ಖಂಡಿತ ಆಗದು.

ಈ ಹುಚ್ಚು ಹಿಡಿಸಿದವನು ನನ್ನ ಬಾಲ್ಯದ ಗೆಳೆಯ ಜಗ್ಗಿ. ಹನುಮಂತನಗರದಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆಗಿದ್ದಾನೆ. ಅವನು ಫೋಟೋ ತೆಗೆದದ್ದನ್ನು ನೋಡಿದವರು ಕಡಿಮೆ. ಲೆನ್ಸಿನ ಬಗ್ಗೆ ಮಾತನಾಡಿದ್ದನ್ನು ಕೇಳದವರು ಇಲ್ಲವೇ ಇಲ್ಲ. ಲೆನ್ಸು ಆರಿಸುವುದನ್ನು ಅವನು ಹೆಣ್ಣು ನೋಡುವ ಶಾಸ್ತ್ರದಂತೆ ನಡೆಸುತ್ತಾನೆ. ನಾಲ್ಕು ಜನರನ್ನು ವಿಚಾರಿಸಬೇಕು, ಪೂರ್ವೋತ್ತರ ತಿಳಿಯಬೇಕು, ಬೇರೆ ಕಡೆ ಇದಕ್ಕಿಂತ ಒಳ್ಳೆಯದು ಸಿಕ್ಕೀತೇ ಎಂದು ಕಾಯಬೇಕು. ಒಂದೇ ವ್ಯತ್ಯಾಸ: ಮದುವೆಗೆ ಸಗೋತ್ರ ಕೂಡದು, ಇಲ್ಲಿ ಸಗೋತ್ರವೇ ಆಗಬೇಕು. ಒಂದು ಕಂಪನಿಯ ಕ್ಯಾಮೆರಾದ ಬಾಯಿಗೆ ಇನ್ನೊಂದು ಕಂಪನಿಯ ಲೆನ್ಸು ಕೂರುವುದಿಲ್ಲ. ಹಾಗಾಗಿ ಒಮ್ಮೆ ಒಂದು ಮನೆತನಕ್ಕೆ ಬಿದ್ದವನು ಜೀವನಪರ್ಯಂತ ಆ ಮನೆತನದ ಬಾಗಿಲಲ್ಲೇ ನಿಲ್ಲಬೇಕು.

ನನ್ನ ಬಳಿ ಆಗಲೇ ಮೂರು ಲೆನ್ಸುಗಳಿದ್ದವು. ಹತ್ತಿರದ್ದಕ್ಕೊಂದು, ದೂರದ್ದಕ್ಕೊಂದು, ಎರಡೂ ಕೈಲಾಗದಿದ್ದಾಗ ಇರಲೆಂದು ಇನ್ನೊಂದು. ಜಗ್ಗಿ ಒಂದು ಭಾನುವಾರ ಬ್ಯೂಗಲ್ ರಾಕ್ ಪಾರ್ಕಿನ ಬಂಡೆಯ ಮೇಲೆ ಕೂತು, "ಗುರು, ನಿನ್ನತ್ರ ಮುಖ ತೆಗ್ಯೋ ಲೆನ್ಸೇ ಇಲ್ವಲ್ಲೋ. ಏಯ್ಟಿಫೈವ್ ಇಲ್ದೇ ಇರೋನು ಫೋಟೋಗ್ರಾಫರ್ರಾ?" ಎಂದುಬಿಟ್ಟ. ಎಂಬತ್ತೈದು ಮಿಲಿಮೀಟರಿನ ಆ ಲೆನ್ಸಿನಲ್ಲಿ ಮುಖವೊಂದು ಸ್ಪಷ್ಟವಾಗಿ ನಿಂತು, ಹಿಂದಿನದೆಲ್ಲ ಬೆಣ್ಣೆಯಂತೆ ಕರಗಿಹೋಗುತ್ತದಂತೆ. ನಮ್ಮ ಮನೆಯಲ್ಲಿ ಯಾರ ಹಿಂದೆ ನಿಂತರೂ ಕಾಣುವುದು ಒಣಗಲು ಹಾಕಿದ ಬಟ್ಟೆ. ಅದು ಕರಗಿಹೋದರೆ ಎಲ್ಲರಿಗೂ ಒಳ್ಳೆಯದೇ ಎಂದು ನನಗೂ ಅನ್ನಿಸಿತು.

ಆದರೆ ಅಡ್ಡಿಯೊಂದಿತ್ತು. ಅದು ನಮ್ಮ ಅಡುಗೆಮನೆಯ ಗ್ರೈಂಡರು. ಅದರ ಕಲ್ಲು ಸವೆದು, ದೋಸೆಹಿಟ್ಟಿನಲ್ಲಿ ಅಕ್ಕಿ ಅಕ್ಕಿಯಾಗಿಯೇ ಉಳಿಯುತ್ತಿತ್ತು. ಅದು ತಿರುಗುವಾಗಿನ ಸದ್ದಿಗೆ ಪಕ್ಕದ ಮನೆಯ ಲಲಿತಮ್ಮ "ನಾಳೆ ನಿಮ್ಮನೇಲಿ ದೋಸೆನಾ?" ಎಂದು ಕಾಂಪೌಂಡಿನಾಚೆಯಿಂದ ಕೇಳುತ್ತಿದ್ದರು. ಹಿಂದಿನ ಲೆನ್ಸು ತಂದಾಗ ಹೆಂಡತಿ ಸುಮಾ ಜಗಳವಾಡಿರಲಿಲ್ಲ. ಅವಳು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ, ಏನಿದ್ದರೂ ಒಂದೇ ಸಾಲಿನಲ್ಲಿ ಮುಗಿಸುತ್ತಾಳೆ. "ಅಲ್ಲಾರೀ, ಹಳೇದ್ರಲ್ಲಿ ಕಾಗೆ ಥರ ಕಂಡಿದ್ದು ಇದ್ರಲ್ಲಿ ನವಿಲು ಥರ ಕಾಣತ್ತಾ?" ಎಂದು ಕೇಳಿದ್ದಳು. ನಾನು ಅಮ್ಮನ ಎದುರಿಗೇ, "ಇನ್ಮೇಲೆ ಮೊದಲು ಗ್ರೈಂಡರ್, ಆಮೇಲೆ ಲೆನ್ಸು. ಸರಿನಾ?" ಎಂದು ಮಾತು ಕೊಟ್ಟಿದ್ದೆ. ಮಾತು ಕೊಡುವುದು ಸುಲಭ, ಲೆನ್ಸು ತರದಿರುವುದು ಕಷ್ಟ. ವರಮಹಾಲಕ್ಷ್ಮಿ ಹಬ್ಬ ಕಳೆದ ವಾರದಲ್ಲಿ ಏಯ್ಟಿಫೈವ್ ನನ್ನ ಆಫೀಸಿನ ಚೀಲದಲ್ಲಿ, ಟಿಫನ್ ಡಬ್ಬಿಯ ಪಕ್ಕ ಕೂತು ಮನೆಗೆ ಬಂದಿತು.

ತಂದದ್ದಾಯಿತು, ಇಡುವುದೆಲ್ಲಿ? ಷೋಕೇಸಿನಲ್ಲಿ ಉಳಿದವುಗಳ ಜೊತೆ ಇಡುವಂತಿಲ್ಲ, ಸುಮಾ ಶನಿವಾರ ಧೂಳು ಒರೆಸುತ್ತಾಳೆ. ಅಕ್ಕಿ ಡ್ರಮ್ಮಿನಲ್ಲಿಟ್ಟರೆ ತೇವ ಹೀರುತ್ತದೆ ಎಂದು ಜಗ್ಗಿ ಹೇಳಿದ. ಆದರೆ ನಮ್ಮಮ್ಮ ಅಕ್ಕಿಗೆ ಮೊಣಕೈವರೆಗೆ ಕೈ ಹಾಕಿ ಪಾವು ತೆಗೆಯುವವಳು. ಸ್ಕೂಟರಿನ ಡಿಕ್ಕಿಯಲ್ಲಿಟ್ಟರೆ ನಮ್ಮ ರಸ್ತೆಯ ಗುಂಡಿಗಳಿಗೆ ಗಾಜು ಪುಡಿಯಾದೀತು. ಕೊನೆಗೆ ಅಟ್ಟದ ಮೇಲಿನ ದಸರಾ ಗೊಂಬೆಗಳ ಟ್ರಂಕು ಕಣ್ಣಿಗೆ ಬಿತ್ತು. ಒಣ ಜಾಗ, ಹಳೆಯ ಸೀರೆಗಳ ಮೆತ್ತೆ, ವರ್ಷಕ್ಕೊಮ್ಮೆ ಮಾತ್ರ ತೆರೆಯುವ ಮುಚ್ಚಳ. ಅಜ್ಜಿಯ ಕಾಲದ ಪಟ್ಟದ ರಾಜ–ರಾಣಿಯರ ಪಕ್ಕದಲ್ಲಿ ಅದನ್ನು ಮಲಗಿಸಿ ಇಳಿದೆ. ಹಬ್ಬದ ಬೋನಸ್ಸು ಬಂದ ಕೂಡಲೇ ಗ್ರೈಂಡರು ತರುವುದು, ಮರುದಿನ ಲೆನ್ಸನ್ನು ಹೊಸದಾಗಿ ಕೊಂಡವನಂತೆ ಕೆಳಗಿಳಿಸುವುದು, ಇದು ನನ್ನ ಯೋಜನೆ. ಇಷ್ಟು ಬುದ್ಧಿ ನನಗೆ ಎಲ್ಲಿಂದ ಬಂತೆಂದು ನನಗೇ ಬೆರಗಾಗಿತ್ತು.

ಆದರೆ ನಾವೊಂದು ಬಗೆದರೆ ದೈವವೊಂದು ಬಗೆಯುತ್ತದೆ. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಆಫೀಸಿನವರು ನನ್ನನ್ನು ಆಡಿಟ್ ಕೆಲಸಕ್ಕೆಂದು ಶಿವಮೊಗ್ಗಕ್ಕೆ ಅಟ್ಟಿದರು. ಬೋನಸ್ಸು ಇನ್ನೂ ಬಂದಿರಲಿಲ್ಲ. ಲೆಕ್ಕಪತ್ರಗಳ ಗಲಾಟೆಯಲ್ಲಿ ಹಬ್ಬವೇ ಮರೆತುಹೋಗಿತ್ತು. ಪಾಡ್ಯದ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಂತೆ ನಡುಮನೆಯಲ್ಲಿ ಬಿಳಿ ಪಂಚೆ ಹೊದಿಸಿದ ಮೆಟ್ಟಿಲುಗಳು, ಸಾಲಾಗಿ ಗೊಂಬೆಗಳು, ದೀಪ. ಕೆಳಗಿನ ಮೆಟ್ಟಿಲ ಮುಂದೆ ಅಮ್ಮ ಪ್ರತಿ ವರ್ಷದಂತೆ ತಟ್ಟೆಯ ಮಣ್ಣಿನಲ್ಲಿ ರಾಗಿ ಬೆಳೆಸಿ ಹಳ್ಳಿ ಮಾಡಿದ್ದಳು. ಹಸಿರು ಪೈರು, ಎತ್ತಿನ ಗಾಡಿ, ಗುಡಿಸಲು. ಹಳ್ಳಿಯ ನಟ್ಟನಡುವೆ ನನ್ನ ಏಯ್ಟಿಫೈವ್ ಆಕಾಶಕ್ಕೆ ಮುಖಮಾಡಿ ನಿಂತಿತ್ತು! ಬಿಸಿಲು ತಡೆಯಲೆಂದು ಅದರ ಕೊರಳಿಗೆ ತೊಡಿಸುವ ಕಪ್ಪು ಪ್ಲಾಸ್ಟಿಕ್ ಬಳೆಯೇ ಬಾವಿಕಟ್ಟೆ. ಒಳಗೆ ಗಾಜು ನೇರಳೆ ಬಣ್ಣದಲ್ಲಿ ಆಳವಾಗಿ ಮಿನುಗುತ್ತಿತ್ತು. ಪಕ್ಕದಲ್ಲಿ ಕೊಡ ಹೊತ್ತ ಮಣ್ಣಿನ ಹೆಂಗಸೊಬ್ಬಳು ನೀರು ಸೇದಲು ಸಿದ್ಧಳಾಗಿದ್ದಳು.

"ಹೇಗಿದೆಯೋ ಬಾವಿ?" ಎಂದಳು ಅಮ್ಮ. "ಟ್ರಂಕಲ್ಲಿ ಸಿಕ್ತು ಕಣೋ. ಪ್ರತಿ ವರ್ಷ ಒಂದಾದ್ರೂ ಹೊಸ ಗೊಂಬೆ ಇಡ್ಬೇಕಲ್ಲ, ಈ ಸಲದ್ದು ಇದೇ ಆಯ್ತು."

ಸುಮಾ ಬತ್ತಿ ಹೊಸೆಯುತ್ತ ಅಲ್ಲೇ ಕೂತಿದ್ದಳು. ಅದು ನನ್ನದೆಂದರೆ ಕೊಟ್ಟ ಮಾತು ಮುರಿದದ್ದು ಬಯಲಾಗುತ್ತದೆ. ಅನ್ನದಿದ್ದರೆ ಲೆನ್ಸು ಮಣ್ಣುಪಾಲಾಗುತ್ತದೆ. ಕದ್ದೊಯ್ಯೋಣವೆಂದರೆ, ಒಮ್ಮೆ ಕೂರಿಸಿದ ಗೊಂಬೆಯನ್ನು ವಿಜಯದಶಮಿಯವರೆಗೆ ಕದಲಿಸಬಾರದೆಂಬುದು ನಮ್ಮಲ್ಲಿ ಕಟ್ಟುನಿಟ್ಟು. "ತುಂಬಾ ಚೆನ್ನಾಗಿದೆಯಮ್ಮಾ" ಎಂದು ತೊದಲಿದೆ. ಸೋಫಾದ ಕೆಳಗೆ ಬಿದ್ದಿದ್ದ ಲೆನ್ಸಿನ ಮುಚ್ಚಳವನ್ನು ಕಾಲಿನಿಂದ ಎಳೆದು, ಯಾರೂ ನೋಡದಾಗ ಜೇಬಿಗೆ ಹಾಕಿಕೊಂಡೆ.

ಮರುದಿನ ಬೆಳಿಗ್ಗೆ ಅಮ್ಮ ಚೊಂಬು ಹಿಡಿದು ಪೈರಿಗೆ ನೀರು ಚಿಮುಕಿಸಲು ಹೊರಟಾಗ ನಾನು ಓಡಿಬಂದು ಅಡ್ಡ ನಿಂತೆ. "ನಾನ್ ಹಾಕ್ತೀನಮ್ಮಾ, ನೀನು ಬಗ್ಗಬೇಡ" ಎಂದು ಚೊಂಬು ಕಿತ್ತುಕೊಂಡೆ. ಅಂದಿನಿಂದ ಮಿಂದು ಮಡಿಯುಟ್ಟು, ಒಂದೊಂದು ಪೈರಿನ ಬುಡಕ್ಕೂ ಚಮಚದಲ್ಲಿ ನೀರು ಬಿಡುವ ಕೆಲಸ ನನ್ನದಾಯಿತು. ನಡುನಡುವೆ ಪಂಚೆಯ ತುದಿಯಿಂದ ಬಾವಿಯನ್ನು ಒರೆಸುತ್ತಿದ್ದೆ. ಸಂಧ್ಯಾವಂದನೆಯನ್ನು ಎಂದೋ ಗಂಗೆಗೆ ಬಿಟ್ಟವನ ಈ ಭಕ್ತಿಯನ್ನು ನೋಡಿ ಅಮ್ಮ, "ಶಿವಮೊಗ್ಗದಲ್ಲಿ ಯಾರಾದ್ರೂ ಸ್ವಾಮಿಗಳನ್ನ ನೋಡಿದ್ಯೇನೋ?" ಎಂದಳು. ಸುಮಾ ಮಾತ್ರ ಕಾಫಿ ಹೀರುತ್ತ, ಪರೀಕ್ಷೆಯಲ್ಲಿ ಪಕ್ಕದವನ ಹಾಳೆ ಇಣುಕುವ ಹುಡುಗನನ್ನು ನೋಡುವಂತೆ ನೋಡುತ್ತಿದ್ದಳು. ಫೋನಿನಲ್ಲಿ ಜಗ್ಗಿಯ ಹತ್ತಿರ ಗೋಳಾಡಿದೆ. "ಲೋ, ರಾಗಿ ಪೈರಲ್ಲಿ ಲೆನ್ಸ್ ಇಡ್ತಾರೇನೋ! ಫಂಗಸ್ ಬಂದ್ಬಿಡತ್ತೆ ಮಗಾ" ಎಂದು ಅವನು ನನಗಿಂತ ಜೋರಾಗಿ ಗೋಳಾಡಿದ. ಅವನಿಂದ ಬೇರೇನೂ ಉಪಕಾರವಾಗಲಿಲ್ಲ.

ಸಂಜೆಯಾದರೆ ಬೀದಿಯ ಹೆಂಗಸರು ಅರಿಶಿನ ಕುಂಕುಮಕ್ಕೆ ಬರುತ್ತಿದ್ದರು. "ಗೊಂಬೆ ಕೂರ್ಸಿದೀರಾ?" ಎಂದು ಕೂಗುತ್ತ ಮಕ್ಕಳ ದಂಡು ಬರುತ್ತಿತ್ತು. ಯಾರಿಗೂ ನಮ್ಮ ರಾಜ–ರಾಣಿ ಬೇಡ, ಎಲ್ಲರಿಗೂ ಬಾವಿಯೇ ಬೇಕು. "ನಿಜವಾಗ್ಲೂ ನೀರಿದ್ದ ಹಾಗೇ ಇದೆಯಲ್ರೀ!" ಎಂದು ಲಲಿತಮ್ಮ ಬಗ್ಗಿ ನೋಡಿದರೆ ಅವರ ಮೂಗುತಿ ಗಾಜಿಗೆ ತಗುಲೀತೆಂದು ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಪಂಚಮಿಯ ಸಂಜೆ ಲಲಿತಮ್ಮನ ಮೊಮ್ಮಗಳು ಒಂದು ದೇವರನಾಮ ಹಾಡಿ, ಉಸಲಿ ತಿಂದು, ಅದೇ ಕೈಯಲ್ಲಿ ನಾಣ್ಯವೊಂದನ್ನು ತೆಗೆದು ಬಾವಿಯ ಮೇಲೆ ಹಿಡಿದಳು. "ಬಾವಿಗೆ ಕಾಸು ಹಾಕಿದ್ರೆ ಒಳ್ಳೇದಾಗತ್ತೆ ಅಲ್ವಾ ಅಜ್ಜಿ?"

"ಬೇಡಾ!" ಎಂದು ನಾನು ಕಿರುಚಿದ ಸದ್ದಿಗೆ ಒಳಗೆ ತಿರುಗುತ್ತಿದ್ದ ಗ್ರೈಂಡರು ಕೂಡ ಸಣ್ಣದಾಗಿ ಕೇಳಿಸಿತು. "ಅದು ಏಯ್ಟಿಫೈವ್!"

ಹೆಂಗಸರೆಲ್ಲ ನನ್ನತ್ತ ತಿರುಗಿದರು. ಸುಮಾ ಕುಂಕುಮದ ಬಟ್ಟಲು ಹಿಡಿದು ಮೆಲ್ಲಗೆ, "ಏನ್ರೀ ಏಯ್ಟಿಫೈವ್?" ಎಂದಳು.

"ಏಯ್ಟಿಫೈವ್... ವರ್ಷ. ಎಂಬತ್ತೈದು ವರ್ಷದ್ದು ಅದು. ಬಹಳ ಹಳೇದು, ಏನೂ ಹಾಕಬಾರದು" ಎಂದೆ. ಬಾಯಿಗೆ ಬಂದ ಸುಳ್ಳು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಅಮ್ಮ ಸೆರಗು ಬಾಯಿಗೆ ಹಿಡಿದಳು. "ಹಾಗಾದ್ರೆ ನಮ್ಮತ್ತೆದೇ! ಇದ್ದಷ್ಟು ದಿನ ಒಂದು ಗೊಂಬೆನೂ ನನ್ನ ಕೈಲಿ ಮುಟ್ಟಿಸ್ಲಿಲ್ಲ ಲಲಿತಮ್ಮಾ. ಹೋಗೋವಾಗ ನಂಗೆ ಅಂತ ಇದನ್ನ ಸೀರೇಲಿ ಸುತ್ತಿ ಇಟ್ಟು ಹೋಗಿದಾರೆ ನೋಡಿ" ಎಂದು ಕಣ್ಣೊರೆಸಿಕೊಂಡಳು. ಲಲಿತಮ್ಮನೂ ಒರೆಸಿಕೊಂಡರು. ಇನ್ನು ಈ ಲೆನ್ಸನ್ನು ವಾಪಸು ಕೇಳುವುದೆಂದರೆ, ಸೊಸೆಯ ಮೇಲೆ ಕೊನೆಗಾಲದಲ್ಲಿ ಹುಟ್ಟಿದ ಅತ್ತೆಯ ಪ್ರೀತಿಯನ್ನು ಸುಳ್ಳೆಂದು ಸಾರಿದಂತೆ. ಅಂಥ ಪಾಪಕ್ಕೆ ಯಾವ ಲೆನ್ಸೂ ಪರಿಹಾರವಲ್ಲ.

ಎಲ್ಲರೂ ಹೋದ ಮೇಲೆ ಸುಮಾ ಚಾಪೆ ಮಡಿಸುತ್ತ, "ರೀ, ನಿಮ್ಮಜ್ಜಿ ಜಪಾನಿಗೆ ಯಾವಾಗ ಹೋಗಿದ್ರು?" ಎಂದಳು.

"ಯಾಕೆ?"

"ಬಾವಿ ಸೊಂಟದ ಮೇಲೆ ಜಪಾನ್ ಅಂತ ಬರ್ದಿದೆ."

"ಆ ಕಾಲದಲ್ಲಿ ಜಪಾನಿನ ಗೊಂಬೆಗಳು ಬಹಳ ಬರ್ತಿದ್ವು ಕಣೇ" ಎಂದೆ. ಅದೊಂದು ಮಾತು ನಿಜವೇ ಆಗಿತ್ತು, ಹಾಗಾಗಿ ಧೈರ್ಯವಾಗಿ ಹೇಳಿದೆ. "ಹೌದಾ" ಎಂದು ಅವಳು ಒಳಗೆ ಹೋದಳು. ಆ "ಹೌದಾ"ದ ಅರ್ಥವೇನೆಂದು ಉಳಿದ ದಿನಗಳನ್ನೆಲ್ಲ ಯೋಚಿಸುತ್ತಲೇ ಕಳೆದೆ. ಆಯುಧಪೂಜೆಯ ದಿನ ಸ್ಕೂಟರಿಗೆ, ಈಳಿಗೆಮಣೆಗೆ, ಗೊರಗೊರ ಗ್ರೈಂಡರಿಗೆ, ನನ್ನ ಮೂರು ಲೆನ್ಸುಗಳಿಗೆ ಅಮ್ಮ ಕುಂಕುಮವಿಟ್ಟಳು. ಕೊನೆಗೆ ನೇರವಾಗಿ ಬಂದು ಬಾವಿಕಟ್ಟೆಗೂ ಒಂದು ಬೊಟ್ಟಿಟ್ಟಳು. ಹಳ್ಳಿಯ ಬಾವಿ ಯಾವಾಗಿನಿಂದ ಆಯುಧವಾಯಿತೆಂದು ನನಗೆ ಆಗಲೇ ಹೊಳೆಯಬೇಕಿತ್ತು.

ವಿಜಯದಶಮಿಯ ಸಂಜೆ ಪಟ್ಟದ ಗೊಂಬೆಗಳನ್ನು ಮಲಗಿಸಿ, ಮರುದಿನ ಎಲ್ಲವನ್ನೂ ಟ್ರಂಕಿಗೆ ತುಂಬಲು ಕೂತೆವು. ಅಮ್ಮ ಬಾವಿಯನ್ನು ಮಣ್ಣಿನಿಂದ ಎತ್ತಿ, ಮೆತ್ತನೆಯ ಬಟ್ಟೆಯಿಂದ ಒರೆಸಿ, ನನ್ನ ಮುಂದೆ ಕೈಚಾಚಿದಳು.

"ಮುಚ್ಚಳ ಕೊಡೋ."

"ಯಾವ ಮುಚ್ಚಳ?"

"ಅವತ್ತು ಸೋಫಾ ಕೆಳಗಿಂದ ಜೇಬಿಗೆ ಹಾಕ್ಕೊಂಡ್ಯಲ್ಲ, ಅದು. ಗಾಜು ಗೀಚ್ಕೊಂಡ್ರೆ ಆಮೇಲೆ ನೀನೇ ಅಳ್ತೀಯ."

ಸುಮಾ ಅಷ್ಟು ದಿನ ತಡೆದಿಟ್ಟಿದ್ದ ನಗು ಒಮ್ಮೆಲೇ ಹೊರಗೆ ಬಂತು. ಕೈಯಲ್ಲಿದ್ದ ಮಣ್ಣಿನ ಆನೆಯನ್ನು ಕೆಳಗಿಟ್ಟು ಗೋಡೆಗೊರಗಿ ನಕ್ಕಳು. ಟ್ರಂಕು ಇಳಿಸಿದ ದಿನವೇ ಇಬ್ಬರೂ ಅದನ್ನು ಗುರುತಿಸಿದ್ದರಂತೆ. ಬಾವಿಯ ಉಪಾಯ ಅಮ್ಮನದು, ನೀರು ಚಿಮುಕಿಸುವ ಉಪಾಯ ಸುಮಾಳದು. ಮೊದಲ ದಿನ ಚೊಂಬಿನಲ್ಲಿ ನೀರೇ ಇರಲಿಲ್ಲವಂತೆ, ನಾನೇ ನಲ್ಲಿಯಲ್ಲಿ ನೀರು ಹಿಡಿದು ತಂದಿದ್ದರೂ ಗಾಬರಿಯಲ್ಲಿ ಅದು ಖಾಲಿಯಿದ್ದದ್ದು ತಲೆಗೆ ಹೋಗಿರಲಿಲ್ಲ. "ಹಾಗಾದ್ರೆ ಅಜ್ಜಿ ನೆನೆಸ್ಕೊಂಡು ಅತ್ತಿದ್ದು?" ಎಂದು ಕೇಳಿದೆ. "ನಮ್ಮತ್ತೆ ನಂಗೆ ಒಂದು ಚಮಚಾನೂ ಕೊಟ್ಟೋರಲ್ಲ. ನೀನು ಸುಳ್ಳು ಹೇಳ್ಬೋದು, ನಾನು ಅಳ್ಬಾರ್ದಾ?" ಎಂದಳು ಅಮ್ಮ. ಲೆನ್ಸನ್ನು ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಮೊದಲು ಗ್ರೈಂಡರ್, ಆಮೇಲೆ ಲೆನ್ಸು. ನಿನ್ನದೇ ಮಾತು."

ಆಯುಧಪೂಜೆಯ ಹೊತ್ತಿಗೆ ಕೈಸೇರಿದ್ದ ಬೋನಸ್ಸಿನಲ್ಲಿ ಅಂದೇ ಮಧ್ಯಾಹ್ನ ಚಾಮರಾಜಪೇಟೆಯಿಂದ ಹೊಸ ಗ್ರೈಂಡರು ಆಟೋದಲ್ಲಿ ನನ್ನ ತೊಡೆಯ ಮೇಲೆ ಕೂತು ಬಂತು. ಅದು ಸದ್ದೇ ಮಾಡುವುದಿಲ್ಲ. ನಮ್ಮ ಮನೆಯಲ್ಲಿ ಎಂದು ದೋಸೆಯೆಂದು ತಿಳಿಯದೆ ಲಲಿತಮ್ಮ ಪರದಾಡುತ್ತಿದ್ದಾರೆ. ಬೀಗ ತೆರೆಯಿತು, ಏಯ್ಟಿಫೈವ್ ಕೈಗೆ ಬಂತು. ಮೊದಲ ಫೋಟೋ ಅಮ್ಮನದೇ ತೆಗೆದೆ. ಹಿಂದೆ ಒಣಗಲು ಹಾಕಿದ ಬಟ್ಟೆಯೆಲ್ಲ ಜಗ್ಗಿ ಹೇಳಿದಂತೆಯೇ ಬೆಣ್ಣೆಯಾಗಿ ಕರಗಿತು. ಅಮ್ಮನ ಕಣ್ಣಿನ ತುಂಟತನ ಮಾತ್ರ ಒಂದಿಷ್ಟೂ ಕರಗಲಿಲ್ಲ. ಅವಳು ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಚೆನ್ನಾಗಿ ಬಂದಿದೀನಿ. ಆದ್ರೂ ಇದು ಬಾವಿಯಾಗೇ ಚೆನ್ನಾಗಿತ್ತು ಬಿಡು. ಮುಂದಿನ ವರ್ಷ ಹಳ್ಳಿಗೆ ಒಂದು ಕೆರೆ ಮಾಡ್ಬೇಕು" ಎಂದಳು.

ಕೆರೆಯೆಂದರೆ ಬಾವಿಯ ಹಾಗಲ್ಲ, ಗಾಜು ಅಗಲವಾಗಿರಬೇಕು. ಹಕ್ಕಿ ತೆಗೆಯುವ ದೊಡ್ಡ ಲೆನ್ಸೊಂದಿದೆ, ಅದರ ಬಾಯಿ ಊಟದ ಬಟ್ಟಲಿನಷ್ಟು ಅಗಲ, ನಮ್ಮ ಗೋತ್ರದ್ದೇ ಎಂದು ಜಗ್ಗಿ ಆಗಲೇ ವಿಚಾರಿಸಿ ಇಟ್ಟಿದ್ದಾನೆ. ಸುಮಾ ಮೊನ್ನೆಯಿಂದ ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲವೆಂದು ಗೊಣಗುತ್ತಿದ್ದಾಳೆ, ಅದು ನನ್ನ ಕಿವಿಗೂ ಬಿದ್ದಿದೆ. ಆದರೂ ಪ್ರತಿ ವರ್ಷ ಒಂದಾದರೂ ಹೊಸ ಗೊಂಬೆ ಇಡಬೇಕೆಂಬುದು ನಮ್ಮ ಮನೆತನದ ಸಂಪ್ರದಾಯ, ಮೇಲಾಗಿ ಹೆತ್ತ ತಾಯಿಯ ಬಯಕೆ. ನನಗೋಸ್ಕರವಾದರೆ ನಾನು ಇನ್ನೊಂದು ಲೆನ್ಸಿನ ಹೆಸರೂ ಎತ್ತುತ್ತಿರಲಿಲ್ಲ.