ಬಾಗಿಲು ಮುಚ್ಚಿದ ಕಾಲು ಗಂಟೆ

ಒಬ್ಬ ಮನುಷ್ಯ ಬಾಗಿಲು ಮುಚ್ಚಿಕೊಂಡು ಕಾಲು ಗಂಟೆ ತನ್ನ ಪಾಡಿಗೆ ತಾನು ಕುಳಿತರೆ ನಿಮಗೇನು ಕಷ್ಟ? ಅವನು ನಿಮ್ಮ ಗೋಡೆ ಕೊರೆಯುತ್ತಿದ್ದಾನೆಯೇ? ನಿಮ್ಮ ಅನ್ನಕ್ಕೆ ಮಣ್ಣು ಹಾಕುತ್ತಿದ್ದಾನೆಯೇ? ಹಾಗಿದ್ದೂ ಬಾಗಿಲು ತಟ್ಟಿ "ಯಾಕೆ, ಏನಾಯ್ತು?" ಎಂದು ಕೇಳದ ಹೊರತು ನಿಮಗೆ ಉಂಡದ್ದು ಅರಗುವುದಿಲ್ಲ.

ನೀರು ಸರಬರಾಜು ಕಚೇರಿಯ ದೂರು ಗುಮಾಸ್ತನ ಕತೆ ಕೇಳಿ, ಆಮೇಲೆ ವಾದಿಸಿ. ಮೆಟ್ಟಿಲಿನಿಂದ ಜಾರಿದ ಅವನ ಹೆಂಡತಿ ಎರಡು ತಿಂಗಳಿಂದ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಳು. ಅಡುಗೆ, ಪಾತ್ರೆ, ಬಟ್ಟೆ, ಅವಳ ಮದ್ದು ಎಲ್ಲವನ್ನೂ ಮುಗಿಸಿ ಕಚೇರಿಗೆ ಬಂದರೆ ಕಿಟಕಿಯಾಚೆ ಊರಿಗೆ ಊರೇ ಬಾಯಿ ತೆರೆದು ನಿಂತಿರುತ್ತಿತ್ತು. ಸಂಜೆ ಮನೆಗೆ ಹೋದರೆ ಮತ್ತೆ ಒಲೆ. ಬೀಸುಗಲ್ಲಿಗೆ ಸಿಕ್ಕ ಕಾಳಿನಂತಿದ್ದ ಅವನು ತನಗಾಗಿ ಒಂದೇ ಒಂದು ಉಪಾಯ ಕಂಡುಕೊಂಡಿದ್ದ. ಊಟದ ಬಿಡುವಿನ ಕೊನೆಯ ಕಾಲು ಗಂಟೆ ಹಳೆಯ ಕಡತಗಳ ಕೋಣೆಗೆ ಹೋಗಿ, ಕಡತ ಕಟ್ಟುವ ದಾರಗಳ ಮುದ್ದೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಗಂಟು ಬಿಡಿಸುತ್ತಿದ್ದ. ಒಂದೊಂದು ಗಂಟು ಸಡಿಲವಾದಾಗಲೂ ಬಿಗಿದ ಹೆಗಲು ಒಂದಿಷ್ಟು ಇಳಿಯುತ್ತಿತ್ತು. ಆ ಬಲದ ಮೇಲೆಯೇ ಅವನ ಮಿಕ್ಕ ದಿನ ನಿಂತಿತ್ತು.

ಒಂದು ದಿನ ಯಾವುದೋ ಕಡತ ಹುಡುಕಿಕೊಂಡು ಬಂದ ಮೀಟರ್ ಓದುವವನು ಬಾಗಿಲು ತಳ್ಳಿದ. "ಬಾರೇ ತಾಯಿ, ಇನ್ನೊಂಚೂರು ಸಡ್ಲ ಆಗು" ಎಂದು ಗುಮಾಸ್ತ ದಾರವನ್ನು ಬೇಡಿಕೊಳ್ಳುತ್ತಿದ್ದ. ಮೀಟರಿನವನು ಬಾಲ ತುಳಿಸಿಕೊಂಡ ಬೆಕ್ಕಿನಂತೆ ಟೈಪಿಸ್ಟ್ ಅಕ್ಕನ ಬಳಿಗೆ ಓಡಿದ.

ಗುಮಾಸ್ತ ಕುರ್ಚಿಗೆ ಮರಳುವಷ್ಟರಲ್ಲಿ ಅವನದೇ ದೂರು ಪುಸ್ತಕದಲ್ಲಿ ನಲವತ್ತೊಂದನೆಯ ದೂರು ದಾಖಲಾಗಿತ್ತು: 'ದೂರು ಗುಮಾಸ್ತರು ಒಬ್ಬರೇ ಕುಳಿತು ದಾರದೊಡನೆ ಮಾತನಾಡುತ್ತಾರೆ. ಕೂಡಲೇ ಸರಿಪಡಿಸಬೇಕು.' ಆ ಕಚೇರಿಯಲ್ಲಿ ಪುಸ್ತಕಕ್ಕೆ ಏರಿದ ದೂರು ಅಂದೇ ಸಂಜೆ ಐದು ಗಂಟೆಯೊಳಗೆ ತೀರಬೇಕು. ದೂರಿತ್ತವರು 'ತೃಪ್ತಿಯಾಗಿದೆ' ಎಂದು ಸಹಿ ಹಾಕಿದರೆ ಮಾತ್ರ ತೀರಿದಂತೆ. ಈ ನಿಯಮ ಬರೆದ ಪುಣ್ಯಾತ್ಮ ಗುಮಾಸ್ತನೇ.

"ಅಕ್ಕಾ, ಇದೇನ್ ಬರ್ದಿದೀರಿ?"

"ನಿಮ್ಮ ಒಳ್ಳೇದಕ್ಕೇ ಅಣ್ಣ. ಒಳಗೊಳಗೇ ಕೊರಗಬಾರ್ದು."

"ಕೊರಗ್ತಿಲ್ಲಮ್ಮಾ, ಗಂಟು ಬಿಡಿಸ್ತಿದ್ದೆ."

"ಯಾಕೆ, ಕತ್ತರಿ ಇಲ್ವಾ?" ಎಂದ ಮೀಟರಿನವನು.

"ಕತ್ತರಿಸಿದ್ರೆ ಬೇಗ ಮುಗ್ದೋಗುತ್ತಲ್ಲಪ್ಪಾ!"

ಇಬ್ಬರೂ ಮುಖ ಮುಖ ನೋಡಿಕೊಂಡರು. ಕಾಯಿಲೆ ತಾವೆಣಿಸಿದ್ದಕ್ಕಿಂತ ಬಲಿತಿದೆ ಎಂದು ಆ ನೋಟದಲ್ಲೇ ತೀರ್ಮಾನವಾಯಿತು.

"ನಾನು ಚೆನ್ನಾಗಿದೀನಿ. ಸಹಿ ಹಾಕಿಬಿಡಿ."

"ಚೆನ್ನಾಗಿರೋರು ಹಿಂಗೆ ಹೇಳಲ್ಲ" ಎಂದರು ಅಕ್ಕ.

ಮೊದಲ ಚಿಕಿತ್ಸೆ ಮೀಟರಿನವನದು. "ಕಾರಣ ಇಲ್ದೆ ನಗ್ಬೇಕು ಗುರುವೇ. ಹೊಟ್ಟೆಯಿಂದ ಬರ್ಲಿ!" ಸಹಿಯ ಆಸೆಗೆ ಗುಮಾಸ್ತ ಕಣ್ಣು ಮುಚ್ಚಿ ಬಾಯಿ ತೆರೆದ. ಅದೇ ಗಳಿಗೆಗೆ ಅಜ್ಜಿಯೊಬ್ಬರು ಕಿಟಕಿಗೆ ಬಂದು, "ಮೂರು ದಿನದಿಂದ ನಮ್ಮನೇಲಿ ತೊಟ್ಟು ನೀರಿಲ್ಲ ಕಣಪ್ಪಾ" ಎಂದರು.

"ಹ್ಹ ಹ್ಹ ಹ್ಹಾ!"

"ನಗ್ತೀಯೇನೋ? ತಾ ಇಲ್ಲಿ ಪುಸ್ತಕ!"

ನಲವತ್ತೆರಡನೆಯ ದೂರು ದಾಖಲಾಯಿತು. ಸಾಲಿನಲ್ಲಿ ನಿಂತವರೆಲ್ಲ ಅಜ್ಜಿಯ ಪರವಾಗಿ ಸಾಕ್ಷಿ ಹಾಕಿದರು.

"ನಗು ನಿಮ್ಮ ಪ್ರಕೃತಿಗೆ ಒಗ್ಗಲ್ಲ. ಉಸಿರು ಎಳೀರಿ" ಎಂದರು ಅಕ್ಕ. "ಒಂದು ಮೂಗಿನ ಹೊಳ್ಳೆ ಮುಚ್ಚಿ, ಇನ್ನೊಂದರಿಂದ ಬಿಡಿ. ಮಾತು ಮಾತ್ರ ಆಡಬಾರ್ದು." ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಹದಿನೈದು ವರ್ಷದ ಅಭ್ಯಾಸಬಲದಿಂದ ಗುಮಾಸ್ತನ ಕೈ ತಾನಾಗಿಯೇ ಅದನ್ನೆತ್ತಿತು. ಮೇಲಿನ ಮಹಡಿಯಿಂದ ಸಾಹೇಬರ ದನಿ: "ಹಲೋ? ಏನ್ರೀ ಅದು ಸುಯ್ಯ್ ಅಂತ? ಯಾವ ಪೈಪ್ ಒಡೀತ್ರೀ?"

"ಸುಯ್ಯ್" ಎಂದ ಗುಮಾಸ್ತ.

"ಎಲ್ಲಾ ಬಿಟ್ಟು ಮೇಲೆ ಬನ್ರೀ!"

ಎಲ್ಲದಕ್ಕೂ ಒಂದು ಮಿತಿಯಿದೆ. ಗುಮಾಸ್ತ ಮೂಗಿನಿಂದ ಕೈ ತೆಗೆದ, ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡ, ಮಹಡಿಯ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ. ಹಿಂದೆಯೇ ಚಿಕಿತ್ಸಕರಿಬ್ಬರೂ ಏದುತ್ತ ಬಂದರು.

"ಸಾರ್, ನನಗೆ ನಗು ಬೇಡ, ಉಸಿರು ಬೇಡ. ಮನೇಲಿ ಹೆಂಡ್ತಿ ನೋವು, ಇಲ್ಲಿ ಊರೋರ ನೋವು, ಎರಡನ್ನೂ ಹೊತ್ಕೋತೀನಿ, ಬೇಜಾರಿಲ್ಲ. ಆದ್ರೆ ದಿನಕ್ಕೆ ಕಾಲು ಗಂಟೆ ಬಾಗಿಲು ಮುಚ್ಚಿ ಒಬ್ನೇ ಕೂತು ಗಂಟು ಬಿಡಿಸ್ಬೇಕು. ಅದು ಸಿಗೋವರೆಗೂ ಇಲ್ಲಿಂದ ಕದಲಲ್ಲ."

ಹದಿನೈದು ವರ್ಷಗಳಲ್ಲಿ ಅವನು ಅಷ್ಟುದ್ದ ಮಾತನಾಡಿದ್ದು ಅದೇ ಮೊದಲು. ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಕಣ್ಣನ್ನೂ ಒರೆಸಿಕೊಂಡರು.

"ಎಂಥಾ ಮಾತಾಡಿದ್ರಿ! ಇದು ನಿಮ್ಮ ಹಕ್ಕು ಕಣ್ರೀ. ಈಗ್ಲೇ ಆದೇಶ ಬರೀತೀನಿ."

ಗುಮಾಸ್ತನ ಎದೆ ಹೂವಾಯಿತು. ಸಾಹೇಬರು ಬರೆದು, ಸಹಿ ಮಾಡಿ, ಮೊಹರು ಒತ್ತಿ, ಗಟ್ಟಿಯಾಗಿ ಓದಿದರು: "ನಾಳೆಯಿಂದ ಊಟದ ಬಿಡುವಿನ ಕೊನೆಯ ಕಾಲು ಗಂಟೆ ಕಡತಗಳ ಕೋಣೆಯಲ್ಲಿ ಸಾಮೂಹಿಕ ಏಕಾಂತ. ಸಿಬ್ಬಂದಿಯೆಲ್ಲರೂ ತಪ್ಪದೆ ಹಾಜರಿರತಕ್ಕದ್ದು. ಹಾಜರಿ ಕರೆಯುವುದು ಹಾಗೂ ಗಂಟು ಬಿಡಿಸುವುದನ್ನು ಕಲಿಸುವುದು ದೂರು ಗುಮಾಸ್ತರ ಹೊಣೆ."

"ಸಾರ್... ಹದಿನೆಂಟು ಜನ ಸೇರಿ ಒಬ್ಬೊಬ್ರೇ ಕೂರೋದು ಹೇಗೆ ಸಾರ್?"

"ಒತ್ತೊತ್ತಾಗಿ ಕೂತ್ರಾಯ್ತು! ನಾನು ನಿಮ್ಮ ಪಕ್ಕದಲ್ಲೇ ಕೂರ್ತೀನಿ. ಮನಸ್ಸು ಬಿಚ್ಚಿ ಮಾತಾಡೋಕೆ ನಂಗೂ ಯಾರೂ ಇಲ್ಲ ಕಣ್ರೀ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಪುಸ್ತಕ ತೆರೆದು, ನಲವತ್ತೊಂದನೆಯ ದೂರಿನೆದುರು 'ತೃಪ್ತಿಯಾಗಿದೆ' ಎಂದು ಸಹಿ ಹಾಕಿದರು.

ಆದರೂ ಗುಮಾಸ್ತ ಕೈಚೆಲ್ಲಿದವನಲ್ಲ. ಮೆಟ್ಟಿಲು ಇಳಿಯುತ್ತಲೇ ಪಂಪಿನ ಕೋಣೆಯೋ, ಮಾಳಿಗೆಯ ತೊಟ್ಟಿಯ ಹಿಂಬದಿಯೋ ಎಂದು ಹೊಸ ಜಾಗ ಯೋಚಿಸತೊಡಗಿದ.

ನಾಳೆ ನಿಮ್ಮ ಕಚೇರಿಯ ಮಾಳಿಗೆಯ ತೊಟ್ಟಿಯ ಹಿಂದೆ ಅಂಥವನೊಬ್ಬ ಕುಳಿತಿರುವುದು ಕಂಡರೆ ದಯವಿಟ್ಟು ಏನನ್ನೂ ಕೇಳಬೇಡಿ, ಏನನ್ನೂ ಕಲಿಸಬೇಡಿ. ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿ. ಅವನಿಗಾಗಿ ಏನಾದರೂ ಮಾಡಲೇಬೇಕೆಂದು ಕೈ ತುರಿಸಿದರೆ, ಕೆಳಗಿಳಿದು ಅವನ ಕಿಟಕಿಯಲ್ಲಿ ಕಾಲು ಗಂಟೆ ನೀವು ಕುಳಿತು ದೂರು ಬರೆದುಕೊಳ್ಳಿ.